ಹತ್ತೊಂಬತ್ತು ಹೆಸರಿನ ಬೀದಿ

ನವೆಂಬರ್ ೩, ೧೯೮೫, ಭಾನುವಾರ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಬಂದರೆ ಕೈ ತಡೆಯುತ್ತದೆ, ದೀರ್ಘ ಎಲ್ಲಿ ಎಳೆಯಬೇಕೋ ತಿಳಿಯುವುದಿಲ್ಲ. ನಾಲ್ಕನೇ ಕ್ಲಾಸಿಗೇ ನನ್ನ ಓದು ಮುಗಿಯಿತು. ಇದನ್ನು ಓದುವವರು ಯಾರೂ ಇಲ್ಲ ನಿಜ. ಮುಂದೆ ಎಂದಾದರೂ ನಾನೇ ತೆಗೆದು ನೋಡಿದರೆ ನನ್ನನ್ನೇ ಬೈದುಕೊಳ್ಳಬಾರದು ಅಂತ ಈ ಮಾತು.

ಡೈರಿ ತಂದುಕೊಟ್ಟದ್ದು ಇವರು, ನನ್ನ ಯಜಮಾನರು. ಇವರು ಕೆಲಸ ಮಾಡುವ ಲೇತ್ ವರ್ಕ್‌ಶಾಪಿನಲ್ಲಿ ಹೋದ ವರ್ಷದ್ದು ಬರೆಯದೆ ಬಿದ್ದಿತ್ತಂತೆ. “ಬಾಯಲ್ಲಂತೂ ನೀನು ಏನೂ ಹೇಳಲ್ಲ, ಇದ್ರಲ್ಲಾದ್ರೂ ಹೇಳು” ಎಂದರು. ಮದುವೆಯಾಗಿ ಕೆಂಗೇರಿ ಕಡೆಯಿಂದ ಕಾಮಾಕ್ಷಿಪಾಳ್ಯಕ್ಕೆ ಬಂದು ಒಂದೂವರೆ ವರ್ಷವಾಯಿತು. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ಈಗಲೂ ಬಾಗಿಲ ಹಿಂದೆ ಸರಿದುಬಿಡುತ್ತೇನೆ. ಮನೆಯಲ್ಲಿ ಕೂತು ಗಾರ್ಮೆಂಟಿನವರ ಷರ್ಟುಗಳಿಗೆ ಗುಂಡಿ ಹಾಕುತ್ತೇನೆ. ಆ ಕೆಲಸದಲ್ಲಿ ಮಾತು ಬೇಕಾಗುವುದಿಲ್ಲ.

ಇವತ್ತು ಬರೆಯಲು ಕಾರಣ ಅತ್ತೆ ಬಿದ್ದದ್ದು. ನಮ್ಮ ಬೀದಿಯಲ್ಲಿ ಐವತ್ತನಾಲ್ಕು ಮನೆ, ನಲ್ಲಿ ಒಂದೂ ಇಲ್ಲ. ಮಾಗಡಿ ರಸ್ತೆ ದಾಟಿ ಆಚೆ ಬೀದಿಯ ನಲ್ಲಿಯಲ್ಲಿ ಹಿಡಿಯಬೇಕು. ಅಲ್ಲಿಯವರದೆಲ್ಲ ಮುಗಿದ ಮೇಲೆ ನಮ್ಮ ಸರದಿ. ಬೆಳಿಗ್ಗೆ ತುಂಬಿದ ಬಿಂದಿಗೆ ಹೊತ್ತು ದಾಟುವಾಗ ಲಾರಿಯವನು ಹಾರನ್ ಹೊಡೆದ. ಅತ್ತೆ ಬೆಚ್ಚಿ ಮಂಡಿಯೂರಿ ಬಿದ್ದರು. ಹಿತ್ತಾಳೆ ಬಿಂದಿಗೆ ನೆಗ್ಗಿಹೋಯಿತು. ಮಂಡಿ ತೆಂಗಿನಕಾಯಿ ಗಾತ್ರ ಊದಿದೆ. ಅತ್ತೆಗೆ ಮಂಡಿಗಿಂತ ಬಿಂದಿಗೆಯದೇ ಚಿಂತೆ.

ನವೆಂಬರ್ ೫, ಮಂಗಳವಾರ

ಎದುರು ಮನೆಯ ಹನುಮಕ್ಕ ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ವಾರ್ಡಿನ ಕೌನ್ಸಿಲರ್ ಮನೆಗೆ ಹೋದರು. ನನ್ನನ್ನೂ ಎಳೆದುಕೊಂಡು ಹೋದರು. ಹನುಮಕ್ಕನ ಗಂಟಲು ರಸ್ತೆಯ ಆಚೆಗೂ ಕೇಳುತ್ತದೆ. ನಲ್ಲಿ ಹತ್ತಿರ ಅವರಿರುವುದರಿಂದಲೇ ನಮಗೆ ನಾಲ್ಕು ಬಿಂದಿಗೆಯಾದರೂ ಸಿಗುತ್ತಿರುವುದು. ನಾನು ಎಲ್ಲರ ಬೆನ್ನ ಹಿಂದೆ ನಿಂತೆ.

ಕೌನ್ಸಿಲರ್ ಒಳ್ಳೆಯ ಮಾತಿನವರು. ಎಲ್ಲರಿಗೂ ಕಾಫಿ ಕೊಡಿಸಿದರು. “ಈ ವರ್ಷ ನಮ್ಮ ವಾರ್ಡಿಗೆ ಸಿಗೋದು ನಾಲ್ಕೇ ಬೀದಿ ನಲ್ಲಿ. ಕೇಳ್ತಾ ಇರೋ ಬೀದಿ ಹನ್ನೊಂದು” ಎಂದು ಒಂದು ದಪ್ಪ ಪುಸ್ತಕ ತೆರೆದರು. ಅದು ಓಟರ್ ಪಟ್ಟಿ. “ನಿಮ್ಮ ಬೀದೀಲಿ ಹತ್ತೊಂಬತ್ತು ಜನ.”

“ಹತ್ತೊಂಬತ್ತು ಜನ ನಮ್ಮ ವಠಾರದಲ್ಲೇ ಗೊರಕೆ ಹೊಡೀತಾರೆ ಸಾರ್” ಎಂದರು ಹನುಮಕ್ಕ.

“ಇರಬೋದಮ್ಮ. ಪಟ್ಟೀಲಿರೋದನ್ನ ಹೇಳ್ತಾ ಇದೀನಿ. ನಾನು ನಿಮ್ಮ ಬೀದಿಗೆ ಬರೆದುಕೊಟ್ರೆ ಮೀಟಿಂಗಲ್ಲಿ ಮೊದ್ಲು ಕೇಳೋದೇ ಎಷ್ಟು ಜನಕ್ಕೆ ಅಂತ. ಪಕ್ಕದ ಬೀದಿಯವರದ್ದು ನೂರ ನಲವತ್ತು. ನಾನು ಹತ್ತೊಂಬತ್ತು ಅಂದ್ರೆ ಅಲ್ಲೇ ನಗ್ತಾರೆ. ನಂಗೂ ಓಟು ಬೇಕು, ಸುಳ್ಳು ಯಾಕೆ ಹೇಳ್ಲಿ.”

ಜನವರಿಯಲ್ಲಿ ಯಾವ ನಾಲ್ಕು ಬೀದಿ ಎಂದು ಬರೆದು ಕಳಿಸುತ್ತಾರಂತೆ. ಅಷ್ಟರಲ್ಲಿ ಪಟ್ಟಿಗೆ ಹೆಸರು ಸೇರಿಸಿಕೊಂಡು ಬಂದರೆ ನಮ್ಮದನ್ನೂ ನೋಡುತ್ತಾರಂತೆ. ದಾರಿಯುದ್ದಕ್ಕೂ ಹನುಮಕ್ಕ, “ನಾವು ಇಷ್ಟು ಜನ ಉಸಿರಾಡ್ತಾ ಇದೀವಿ, ಪುಸ್ತಕದಲ್ಲಿ ಇಲ್ವಂತೆ” ಎಂದು ನಗುತ್ತಲೇ ಇದ್ದರು. ಕಾಫಿ ಚೆನ್ನಾಗಿತ್ತು.

ನವೆಂಬರ್ ೭, ಗುರುವಾರ

ಸ್ಕೂಲಿನ ಜಗನ್ನಾಥ ಮೇಷ್ಟ್ರು ಬಂದಿದ್ದರು. ಓಟರ್ ಪಟ್ಟಿಗೆ ಮನೆಮನೆ ಸುತ್ತಿ ಹೆಸರು ಬರೆಯುವ ಕೆಲಸವನ್ನು ಮೇಷ್ಟ್ರುಗಳಿಗೇ ಹಚ್ಚುತ್ತಾರೆ. ಹೋದ ಸಲ ನಮ್ಮ ಬೀದಿಗೆ ಬಂದವರೂ ಇವರೇ. ಹನುಮಕ್ಕ ಸುಮ್ಮನಿರುತ್ತಾರೆಯೇ?

“ಏನ್ ಮೇಷ್ಟ್ರೇ, ನಮ್ಮ ಬೀದಿಲಿ ಕಣ್ಮುಚ್ಕೊಂಡು ಓಡಾಡಿದ್ರಾ?”

“ನಾನು ಮಧ್ಯಾಹ್ನ ಬಂದಿದ್ದೆ ತಾಯಿ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ರು. ಮನೆ ಯಜಮಾನರ ಹೆಸರೇನು ಅಂತ ಕೇಳ್ದೆ. ಒಬ್ಬರು ಅವ್ರು ಬಂದ್ಮೇಲೆ ಕೇಳಿ ಅಂದ್ರು. ಇನ್ನೊಬ್ಬರು ನಕ್ಕು ಒಳಗೆ ಹೋದ್ರು. ನೀವು ಏನಂದ್ರಿ ನೆನಪಿದ್ಯಾ? ನಿಮ್ಗ್ಯಾಕ್ರೀ ಅದು ಅಂತ ಬಾಗಿಲು ಹಾಕಿದ್ರಿ.”

ಹನುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೌದಲ್ಲ, ಗಂಡನ ಹೆಸರನ್ನು ಯಾವ ಬಾಯಲ್ಲಿ ಹೇಳುವುದು? ನಾನೂ ಅವತ್ತು ಬಾಗಿಲ ಹಿಂದೆಯೇ ಇದ್ದೆ. ಮೇಷ್ಟ್ರ ಬೂಟಿನ ಸದ್ದು ದೂರವಾಗುವವರೆಗೂ ಉಸಿರು ಬಿಟ್ಟಿರಲಿಲ್ಲ.

ಈಗ ಹೆಸರು ಸೇರಿಸಲು ಒಬ್ಬೊಬ್ಬರಿಗೂ ಒಂದು ಫಾರಂ. ಇಪ್ಪತ್ತೊಂದು ವರ್ಷ ತುಂಬಿರಬೇಕು. ಇಪ್ಪತ್ತೊಂಬತ್ತನೇ ತಾರೀಖು ಕೊನೆ. ಗಂಡಸರದ್ದನ್ನು ಟೀ ಅಂಗಡಿಯಲ್ಲಿ ಬರೆಸಿ ಒಟ್ಟು ಮಾಡುತ್ತೇನೆಂದು ಇವರು ಒಪ್ಪಿಕೊಂಡರು. ಹೆಂಗಸರದ್ದನ್ನು ಬರೆಯುವವರು ಯಾರು ಎಂದು ಮೇಷ್ಟ್ರು ಕೇಳಿದಾಗ ಅತ್ತೆ ಮಂಚದಿಂದಲೇ, “ನಮ್ಮ ನೀಲಮ್ಮ ದಿನಾ ಅದೇನೋ ಗೀಚ್ತಾ ಇರ್ತಾಳೆ” ಎಂದುಬಿಟ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನವೆಂಬರ್ ೧೪, ಗುರುವಾರ

ದೀಪಾವಳಿ ಕಳೆಯಿತು. ಮೇಷ್ಟ್ರು ಫಾರಂ ಕಟ್ಟು ಕೊಟ್ಟುಹೋಗಿ ಎರಡು ದಿನವಾಯಿತು, ಅದು ಗೂಡಿನಲ್ಲೇ ಇದೆ. ಯಾರ ಮನೆಗೂ ಹೋಗಲಿಲ್ಲ.

ನವೆಂಬರ್ ೧೬, ಶನಿವಾರ

ನಾನು ಹೋಗಲಿಲ್ಲವೆಂದು ಅವರೇ ಬಂದರು. ಊಟವಾದ ಮೇಲೆ ಏಳು ಹೆಂಗಸರು ನಮ್ಮ ನಡುಮನೆಯಲ್ಲಿ ಕೂತರು. ತಮ್ಮ ಹೆಸರು ಹೇಳಿದರು, ವಯಸ್ಸು ಅಂದಾಜಿನಲ್ಲಿ ಹೇಳಿದರು. ಗಂಡನ ಹೆಸರು ಎಂಬ ಗೆರೆ ಬಂದ ಕೂಡಲೇ ನಡುಮನೆ ಸದ್ದಿಲ್ಲದಾಯಿತು.

ಕೆಲವರು ರೇಷನ್ ಕಾರ್ಡು ತಂದು ಮುಂದೆ ಹಿಡಿದರು. ಅದು ಸುಲಭ. ಬಾಡಿಗೆಗೆ ಬಂದವರ ಕಾರ್ಡು ಊರಲ್ಲಿದೆ. ಅವರಿಗೆ ಏನು ಮಾಡುವುದೆಂದು ಅತ್ತೆಯೇ ದಾರಿ ತೋರಿಸಿದರು. “ಅವಳ ಗಂಡನ ಹೆಸ್ರು ಇವಳು ಹೇಳ್ಲಿ, ಇವಳ ಗಂಡನ ಹೆಸ್ರು ಅವಳು ಹೇಳ್ಲಿ. ಯಾರಿಗೂ ದೋಷ ಇಲ್ಲ.” ಅಲ್ಲಿಂದ ಒಂದೇ ಸಮನೆ ಗಲಾಟೆ, ನಗು. ತನ್ನದನ್ನು ಹೇಳಲಾಗದವಳು ಪಕ್ಕದವಳ ಗಂಡನ ಹೆಸರನ್ನು ಮನೆತನದ ಸಮೇತ ಕೂಗಿ ಹೇಳುತ್ತಿದ್ದಳು.

ಹನುಮಕ್ಕನ ಸರದಿ ಬಂದಾಗ ಪಕ್ಕದ ಮನೆ ಗಂಗಲಕ್ಷ್ಮಮ್ಮ, “ಅಣ್ಣಯ್ಯ ಅಂತ ಬರ್ಕೊ, ಟೈರ್ ಅಣ್ಣಯ್ಯ” ಎಂದರು. ಹನುಮಕ್ಕನ ಯಜಮಾನರು ಟೈರಿಗೆ ಪಂಕ್ಚರ್ ಹಾಕುತ್ತಾರೆ. ನಾನು ಹನುಮಕ್ಕನ ಮುಖ ನೋಡಿದೆ. ಅವರು ಸೂರಿನ ಕಡೆ ನೋಡುತ್ತಿದ್ದರು. ಅಣ್ಣಯ್ಯ ಎಂದು ಬರೆದೆ.

ಆಮೇಲೆ ಬಂದವರದೂ ಸೇರಿ ಇವತ್ತು ಹದಿಮೂರು ಫಾರಂ. ಬೆರಳು ನೋಯುತ್ತಿದೆ, ಗುಂಡಿ ಹಾಕಿದ ನೋವಿನಂತಲ್ಲ.

ನವೆಂಬರ್ ೨೪, ಭಾನುವಾರ

ನಲವತ್ತೊಂದಾಯಿತು. ಈಗ ಮನೆಗಳಿಗೆ ನಾನೇ ಹೋಗುತ್ತಿದ್ದೇನೆ, ಏಕೆಂದರೆ ಬಾಣಂತಿಯರಿಗೆ ಬರಲಾಗುವುದಿಲ್ಲ. ಬೀದಿಯ ಕೊನೆಯ ಮನೆಯಲ್ಲಿ ಅವರೆಕಾಳು ಉಪ್ಪಿಟ್ಟು ಕೊಟ್ಟರು. ಬೇಡ ಎನ್ನಲು ನಾಚಿಕೆಯಾಗಿ ಎರಡು ಸಲ ತಿಂದೆ. ಈ ಸಲದ ಅವರೆಯ ಸೊಗಡು ಚೆನ್ನಾಗಿದೆ.

ಅತ್ತೆಯ ಮಂಡಿ ಊತ ಇಳಿದಿದೆ. ನೀರಿಗೆ ನಾನೊಬ್ಬಳೇ ಹೋಗುತ್ತೇನೆ.

ನವೆಂಬರ್ ೨೯, ಶುಕ್ರವಾರ

ಹೆಂಗಸರದ್ದು ಐವತ್ತೆಂಟು, ಗಂಡಸರದ್ದು ಐವತ್ತಮೂರು. ಗಂಡಸರು ಕೊನೇ ದಿನದವರೆಗೂ ನಾಳೆ ನಾಳೆ ಎಂದು ಇವತ್ತು ಬೆಳಿಗ್ಗೆ ಟೀ ಅಂಗಡಿಯಲ್ಲಿ ಗಡಿಬಿಡಿಯಿಂದ ಬರೆದರಂತೆ. ಎರಡು ಕಟ್ಟನ್ನೂ ಮೇಷ್ಟ್ರು ತೆಗೆದುಕೊಂಡು ಹೋದರು. ಗಂಡಸರ ಕಟ್ಟನ್ನು ಬಿಚ್ಚಿ ನೋಡಲು ಹೊತ್ತಿರಲಿಲ್ಲ.

ನನ್ನ ಫಾರಂ ಒಂದೇ ಕೊನೆಗೆ ಉಳಿದಿತ್ತು. ಎಲ್ಲ ತುಂಬಿಸಿ ಆ ಗೆರೆಯ ಹತ್ತಿರ ಪೆನ್ನು ನಿಲ್ಲಿಸಿದೆ. ಊರಿನವರ ಗಂಡಂದಿರ ಹೆಸರನ್ನೆಲ್ಲ ಬರೆದ ಕೈ ಅಲ್ಲಿ ಓಡಲಿಲ್ಲ. ಇವರು ಪೆನ್ನು ಕಿತ್ತುಕೊಂಡು ತಾವೇ ಬರೆದರು, ಕೆಳಗೆ ನಾನು ಸಹಿ ಹಾಕಿದೆ. “ಸಹಿ ಮಾಡಿ ನನ್ನನ್ನ ಒಪ್ಕೊಂಡಂಗಾಯ್ತು ನೋಡು” ಎಂದು ರೇಗಿಸಿದರು.

ಡಿಸೆಂಬರ್ ೮, ಭಾನುವಾರ

ಗುರುವಾರ ವಿಚಾರಣೆಯಂತೆ. ಒಬ್ಬ ಆಫೀಸರು ಸ್ಕೂಲಿಗೆ ಬಂದು ಫಾರಂ ಹಾಕಿದವರನ್ನು ಕೇಳಿ ನೋಡಿ ಸೇರಿಸುತ್ತಾರಂತೆ. ಗಂಡಸರು ಒಂದು ದಿನದ ಕೂಲಿ ಬಿಡುವುದಿಲ್ಲ. “ಹೆಂಗಸರು ಹೋದ್ರೆ ಸಾಕು, ಗಂಡಸರದ್ದಕ್ಕೆ ನಾನು ಸಾಕ್ಷಿ” ಎಂದಿದ್ದಾರೆ ಮೇಷ್ಟ್ರು.

ಡಿಸೆಂಬರ್ ೧೨, ಗುರುವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಸ್ಕೂಲಿನ ಮೂರನೇ ಕ್ಲಾಸಿನ ಕೋಣೆ. ಚಿಕ್ಕ ಬೆಂಚುಗಳಲ್ಲಿ ನಾವು ಐವತ್ತಕ್ಕೂ ಹೆಚ್ಚು ಹೆಂಗಸರು ಮಂಡಿ ಎದೆಗೆ ತಾಗುವಂತೆ ಕೂತಿದ್ದೆವು. ಅತ್ತೆ ಕುಂಟುತ್ತಲೇ ಬಂದಿದ್ದರು. ಆಫೀಸರು ಕನ್ನಡಕದವರು, ಮುಂಗೋಪಿ ಅಲ್ಲ, ಆದರೆ ನಗುವವರೂ ಅಲ್ಲ. ಎರಡು ಕಟ್ಟನ್ನೂ ಮೇಜಿನ ಮೇಲಿಟ್ಟುಕೊಂಡು ಮನೆಮನೆಯದ್ದನ್ನು ಜೋಡಿಸುತ್ತಾ ಹೋದರು. ಐದಾರು ಮನೆ ಸರಿಹೋಯಿತು.

“ಹನುಮಕ್ಕ ಯಾರಮ್ಮ?”

ಹನುಮಕ್ಕ ಎದ್ದರು.

“ಈ ಮನೆಯಲ್ಲಿರೋ ಗಂಡಸಿನ ಫಾರಂ ಚಿಕ್ಕಣ್ಣ ಅಂತಿದೆ. ನಿಮ್ಮ ಫಾರಮ್ಮಲ್ಲಿ ಗಂಡ ಅಣ್ಣಯ್ಯ ಅಂತಿದೆ. ಈ ಚಿಕ್ಕಣ್ಣ ಯಾರು?”

ಕೋಣೆಯಲ್ಲಿ ಕೆಲವರು ಕಿಸಕ್ಕೆಂದರು. ಹನುಮಕ್ಕನ ರಸ್ತೆಯಾಚೆಗೂ ಕೇಳುವ ಆ ಗಂಟಲಿಂದ ಒಂದು ಅಕ್ಷರವೂ ಬರಲಿಲ್ಲ.

“ಬಾಡಿಗೆಗಿದ್ದಾರಾ? ತಮ್ಮನಾ? ಹೇಳಿ ತಾಯಿ.”

ಹನುಮಕ್ಕನ ಕಣ್ಣಲ್ಲಿ ನೀರು ತುಂಬಿತು. ನನಗೆ ಆಗ ಅರ್ಥವಾಯಿತು. ಚಿಕ್ಕಣ್ಣ ಅವರ ಯಜಮಾನರ ಸರಿಯಾದ ಹೆಸರು. ಅಣ್ಣಯ್ಯ ಅಂತ ಬೀದಿಯವರು ಕರೆಯುವುದು. ನಾನು ತಪ್ಪು ಬರೆಯುವಾಗಲೂ ಅವರಿಗೆ ಗೊತ್ತಿತ್ತು.

ಆಫೀಸರು ಕನ್ನಡಕ ತೆಗೆದರು. “ಇದಷ್ಟೂ ಒಂದೇ ಕೈಬರಹ. ಯಾರು ಬರೆದದ್ದು?”

ನಾನು ಎದ್ದು ನಿಂತೆ. ಯಾವಾಗ ಎದ್ದೆ ಗೊತ್ತಿಲ್ಲ.

“ಇವರಿವರೇ ಹೇಳಿದ್ದನ್ನ ಬರೆದ್ಯಾ?”

“ಇಲ್ಲ ಸಾರ್. ಪಕ್ಕದವರು ಹೇಳಿದ್ದನ್ನ.”

“ಪಕ್ಕದವರು ಹೇಳಿದ್ದನ್ನ ನಾನು ಹೇಗಮ್ಮ ಪಟ್ಟಿಗೆ ಸೇರಿಸ್ಲಿ? ಒಂದು ತಪ್ಪಿದ್ರೆ ಇನ್ನೆಷ್ಟು ತಪ್ಪಿದೆಯೋ. ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳ್ಬೇಕು. ಹೇಳದೇ ಇರೋದನ್ನ ಬಿಡ್ತೀನಿ. ಸಾಯಂಕಾಲ ಐದಕ್ಕೆ ಕಟ್ಟು ಮುಚ್ತೀನಿ.”

ಮೇಷ್ಟ್ರು ಏನೋ ಹೇಳಲು ಹೋದರು. ಆಫೀಸರು ಕೈ ಅಡ್ಡ ಹಿಡಿದರು. ಐವತ್ತು ಹೆಂಗಸರೂ ನೆಲ ನೋಡುತ್ತಿದ್ದರು. ಅಷ್ಟು ಫಾರಮ್ಮೂ ಹೋಗುವುದು, ನಲ್ಲಿಯೂ ಹೋಗುವುದು ನನಗೆ ಕಣ್ಣೆದುರು ಕಂಡಿತು. ಮತ್ತೆ ಅದೇ ರಸ್ತೆ, ಅದೇ ಲಾರಿ.

ಆಫೀಸರು ನನ್ನ ಹೆಸರು ಕೇಳಿ ನನ್ನ ಫಾರಂ ಎಳೆದರು. “ನೀನೇ ಶುರು ಮಾಡಮ್ಮ. ಇಲ್ಲೊಂದು ಗೆರೆ ಬೇರೆ ಕೈಬರಹದಲ್ಲಿದೆ. ಏನು ಬರೆದಿದೆ ಇಲ್ಲಿ? ಗಂಡನ ಹೆಸರೇನು?”

ಅತ್ತೆ ನನ್ನ ಹಿಂದಿನ ಬೆಂಚಿನಲ್ಲಿದ್ದರು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಮದುವೆಯ ವಾರದಲ್ಲೇ ಹೇಳಿಕೊಟ್ಟವರು ಅವರು. ಬೋರ್ಡಿನ ಮೇಲೆ ಯಾರೋ ಆರರ ಮಗ್ಗಿ ಬರೆದಿದ್ದರು. ಅದನ್ನೇ ನೋಡುತ್ತಾ ಹೇಳಿದೆ.

“ಅಂಜಿನಯ್ಯ.”

ಆಫೀಸರು ಗುರುತು ಹಾಕಿ ಮುಂದಿನ ಹಾಳೆ ತೆಗೆದರು. ಅಷ್ಟೇ ಆಗಿದ್ದು. ಬೇರೇನೂ ಆಗಲಿಲ್ಲ.

ಮುಂದಿನದು ಅತ್ತೆಯ ಫಾರಂ. “ಮುನಿತಾಯಮ್ಮ. ಗಂಡನ ಹೆಸರು?”

ಅತ್ತೆ ಬೆಂಚು ಹಿಡಿದು ಎದ್ದರು. ಸೆರಗು ಸರಿಮಾಡಿಕೊಂಡರು. ಆಮೇಲೆ, “ಮುನಿರಾಮಯ್ಯ” ಎಂದರು. ಯಾರೋ ಕೇಳಿಸಲಿಲ್ಲ ಎಂದಂತೆ ಇನ್ನೊಂದು ಸಲ ಗಟ್ಟಿಯಾಗಿ, “ಮುನಿರಾಮಯ್ಯ. ತೀರ್ಕೊಂಡವ್ರೆ” ಎಂದು ಕೂತರು.

ಆಮೇಲೆ ಯಾರೂ ತಡೆಯಲಿಲ್ಲ. ಒಬ್ಬರು ಗೋಡೆ ಕಡೆ ತಿರುಗಿ ಹೇಳಿದರು, ಒಬ್ಬರು ಹೇಳಿ ಕೆನ್ನೆ ಕೆನ್ನೆ ಬಡಿದುಕೊಂಡರು, ಒಬ್ಬರು ನಗು ತಡೆಯಲಾರದೆ ಮೂರು ಸಲಕ್ಕೆ ಪೂರ್ತಿ ಮಾಡಿದರು. ಹನುಮಕ್ಕ ಎಲ್ಲರಿಗಿಂತ ಕೊನೆಗೆ ಎದ್ದು, “ಚಿಕ್ಕಣ್ಣ ಸಾರ್, ಚಿಕ್ಕಣ್ಣನೇ” ಎಂದಾಗ ಕೋಣೆಯ ಕಿಟಕಿ ಅದುರಿತು. ಆಫೀಸರಿಗೂ ನಗು ಬಂತು.

ದಾರಿಯಲ್ಲಿ ಹನುಮಕ್ಕನನ್ನು ಕೇಳಿದೆ, “ಅವತ್ತೇ ಅಲ್ಲ ಅನ್ನಬಾರ್ದಿತ್ತೇನಕ್ಕ?”

“ಅಲ್ಲ ಅಂದಿದ್ರೆ ಮತ್ಯಾವ್ದು ಅಂತ ನೀನು ಕೇಳ್ತಿದ್ದೆ ಕಣೇ.”

ಮನೆಗೆ ಬಂದ ಮೇಲೆ ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತರು. ಬೈಯುತ್ತಾರೆಂದು ನಾನು ಮುದ್ದೆ ತೊಳಸುತ್ತಾ ಕಾಯುತ್ತಿದ್ದೆ. “ಇಪ್ಪತ್ತಾರು ವರ್ಷ ಒಂದಿನಾನೂ ಬಾಯಿಬಿಡಲಿಲ್ಲ ನಾನು” ಎಂದರು. “ಆದ್ರೂ ಹೋದ್ರು.” ಆಮೇಲೆ, “ಹೆಸ್ರು ಚೆನ್ನಾಗೈತೆ, ಅಲ್ವೇನೇ?” ಎಂದರು.

ಚೆನ್ನಾಗಿದೆ ಅತ್ತೆ ಎಂದೆ.

ಡಿಸೆಂಬರ್ ೧೩, ಶುಕ್ರವಾರ

ಅಂಜಿನಯ್ಯನಿಗೆ ಬೆಳಿಗ್ಗೆಯಿಂದ ಶೀತ. ಮೂರು ಸಲ ಸೀನಿ, “ನೋಡು, ಶುರುವಾಯ್ತು ನಿನ್ನ ಕೆಲಸ” ಎಂದು ಹೆದರಿಸಿದರು. ಅತ್ತೆಯೇ, “ಮೊನ್ನೆ ರಾತ್ರಿ ಬನೀನಲ್ಲಿ ಆಚೆ ಕೂತಿದ್ದೆಯಲ್ಲ, ಅದಕ್ಕೆ” ಎಂದು ಬಾಯಿ ಮುಚ್ಚಿಸಿದರು. ಕಷಾಯ ಮಾಡಿಕೊಟ್ಟೆ. ಸಾಯಂಕಾಲ ಸರಿಹೋದರು.

ಜನವರಿ ೧೩, ೧೯೮೬, ಸೋಮವಾರ

ಹೊಸ ಪಟ್ಟಿ ಸ್ಕೂಲಿನ ಗೋಡೆಗೆ ಅಂಟಿಸಿದ್ದಾರೆ. ನಮ್ಮ ಬೀದಿಯದು ನೂರ ಇಪ್ಪತ್ತೇಳು. ವಿಚಾರಣೆಗೆ ಬಾರದೆ ಮೂವರದು ಬಿಟ್ಟುಹೋಯಿತು. ಅವರಲ್ಲೊಬ್ಬಳು ಬಾಣಂತಿ, ನಾನೇ ಬರೆದದ್ದು. ಮುಂದಿನ ಸಲ ಅವಳದನ್ನು ಮೊದಲು ಮಾಡಬೇಕು.

ಹೆಂಗಸರೆಲ್ಲ ಪಟ್ಟಿಯ ಮುಂದೆ ನಿಂತು, ಓದಲು ಬಾರದವರೂ, ತಮ್ಮ ಹೆಸರು ಎಲ್ಲಿದೆ ತೋರಿಸು ಎಂದು ಬೆರಳಿಟ್ಟು ನೋಡಿದರು. ಅಂಜಿನಯ್ಯ ನನ್ನ ಹೆಸರಿನ ಮುಂದೆ ತಮ್ಮ ಹೆಸರಿರುವುದನ್ನು ಎರಡು ಸಲ ಓದಿದರು. ಸಂತೆಗೆ ಬಂದಂತೆ ಖುಷಿಯಾಗಿತ್ತು.

ಜನವರಿ ೧೮, ಶನಿವಾರ

ಕೌನ್ಸಿಲರ್ ಹತ್ತಿರ ಹೋಗಿದ್ದೆವು. ಈ ಸಲ ನಾನು ಹಿಂದೆ ನಿಲ್ಲಲು ಹೋದರೆ ಹನುಮಕ್ಕ, “ಪಟ್ಟಿ ನಿನ್ ಕೈಲಿದೆ, ಹಿಂದೆ ನಿಂತು ಯಾರಿಗ್ ತೋರಿಸ್ತೀಯಾ?” ಎಂದು ಮುಂದೆ ತಳ್ಳಿದರು. ನಾನು ಮನೆವಾರು ಬರೆದುಕೊಂಡಿದ್ದ ಹಾಳೆ ಓದಿದೆ. ಓಟಿಲ್ಲದ ಮಕ್ಕಳನ್ನೂ ಸೇರಿಸಿ ಬರೆದಿದ್ದೆ, ಏಕೆಂದರೆ ನೀರು ಅವರೂ ಕುಡಿಯುತ್ತಾರೆ. ಕೌನ್ಸಿಲರ್ ಆ ಹಾಳೆಯನ್ನೇ ಕೇಳಿ ಇಟ್ಟುಕೊಂಡರು. ನಾಲ್ಕರಲ್ಲಿ ಒಂದು ನಿಮ್ಮದೆಂದು ಬರೆದು ಕಳಿಸುತ್ತೇನೆ, ಆಮೇಲೆ ಇಂಜಿನಿಯರು ಬಂದು ಅಳತೆ ಮಾಡಬೇಕು, ಅವರು ಖರ್ಚು ಹಾಕಬೇಕು, ಮೀಟಿಂಗಿನಲ್ಲಿ ಪಾಸಾಗಬೇಕು, ಯುಗಾದಿಗೆ ನೀರು ಬಂದರೆ ನಿಮ್ಮ ಪುಣ್ಯ ಎಂದರು.

“ಯುಗಾದಿ ಹೋದ್ರೆ ಮತ್ತೆ ಬರ್ತೀವಿ ಸಾರ್” ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಫೆಬ್ರವರಿ ೭, ಶುಕ್ರವಾರ

ಇಂಜಿನಿಯರು ಬಂದರು. ಟೇಪು ಹಿಡಿದು ರಸ್ತೆಯಿಂದ ಬೀದಿಯ ನಡುವಿನವರೆಗೆ ಅಳೆದು, ಹೊಂಗೆ ಮರದ ಪಕ್ಕ ಒಂದು ಗೂಟ ಬಡಿದರು. ನಲ್ಲಿ ಬರುವುದು ಅಲ್ಲಿಯೇ. ಪೈಪು ಬಂದಾಗ ಅಗೆಯುವವರು ಈ ಗೂಟ ನೋಡಿಯೇ ಅಗೆಯುತ್ತಾರೆ, ಕಿತ್ತುಹೋಗದಂತೆ ನೋಡಿಕೊಳ್ಳಿ ಎಂದು ಹೇಳಿ ಹೋದರು. ಬರೀ ಗೂಟ. ಆದರೂ ಸಾಯಂಕಾಲ ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು.

ಫೆಬ್ರವರಿ ೯, ಭಾನುವಾರ

ಬೆಳಿಗ್ಗೆ ನೀರಿಗೆ ಹೊರಟಾಗ ನೋಡುತ್ತೇನೆ, ಆ ಗೂಟಕ್ಕೆ ಒಂದು ಎಮ್ಮೆ ಕಟ್ಟಿದೆ. ಬೈರಯ್ಯನವರದು. ಅವರು ಈ ಬೀದಿ ಹೊಲವಾಗಿದ್ದ ಕಾಲದ ಯಜಮಾನರು, ಅರ್ಧ ಬೀದಿಗೆ ಅವರೇ ಮನೆ ಮಾಲೀಕರು. ಎಮ್ಮೆ ಎಳೆದೂ ಎಳೆದೂ ಗೂಟ ವಾಲಿತ್ತು.

ಬಿಂದಿಗೆ ಕೆಳಗಿಟ್ಟು ಹಗ್ಗ ಬಿಚ್ಚಿದೆ. ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದ ಬೈರಯ್ಯನವರು, “ಯಾರಮ್ಮ ಅದು, ನನ್ನ ಎಮ್ಮೆ ಬಿಚ್ತಾ ಇರೋದು?” ಎಂದರು.

“ನಾನು ನೀಲಮ್ಮ. ಇದು ಬೀದಿ ನಲ್ಲಿ ಗೂಟ. ಎಮ್ಮೆಗೆ ಬೇರೆ ಗೂಟ ಹೊಡ್ಕೊಳ್ಳಿ” ಎಂದೆ.

ಅವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನನ್ನನ್ನು ನೋಡಿದರು. ಆಮೇಲೆ ಲೈಟ್ ಕಂಬದ ಕಡೆ ಕೈ ತೋರಿಸಿದರು. ಎಮ್ಮೆಯನ್ನು ಅಲ್ಲಿಗೆ ಎಳೆದು ಕಟ್ಟಿದೆ. ಬಂದು, ಬಿದ್ದಿದ್ದ ಒಂದು ಕಲ್ಲು ತೆಗೆದುಕೊಂಡು, ಗೂಟದ ತಲೆಗೆ ನಾಲ್ಕು ಏಟು ಹಾಕಿ ನೆಟ್ಟಗೆ ಮಾಡಿದೆ.